ಡೆಲ್ಟಾ ಎಂದರೆ ಬಾಗಿಲು

ನವನಗರ, ಬಾಗಲಕೋಟೆ
೯ ಜುಲೈ ೨೦೨೪

ಪ್ರೀತಿಯ ಚೇತನಣ್ಣನಿಗೆ ತಂಗಿಯ ಶರಣುಗಳು.

ಆರಾಮಿದ್ದೀಯಾ? ಇಳಕಲ್ಲಿನ ಗ್ರಾನೈಟ್ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೇ? ಬಾಯಿಗೆ ವಸ್ತ್ರ ಕಟ್ಟಿಕೊಂಡೇ ಕೆಲಸ ಮಾಡು. ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿಯ ವಿಷಯ. ಅಪ್ಪನಿಗೆ ಬಂದದ್ದು ಡೆಲ್ಟಾ ಕೊರೊನಾ ಎಂದು ಆಗ ದವಾಖಾನೆಯಲ್ಲಿ ಹೇಳಿದ್ದರಲ್ಲ, ಆ ಹೆಸರನ್ನು ಅವಳು ಮರೆತೇ ಇಲ್ಲ. ಹೋದ ತಿಂಗಳು ನನ್ನನ್ನು ಹಿಡಿದು ಕೂರಿಸಿದಳು: "ಎಂ.ಎ. ಓದೀಯಲ್ಲ, ಡೆಲ್ಟಾ ಅಂದ್ರ ಏನ ಹೇಳು. ನನ್ನ ಮಗನ್ನ ಒಯ್ದದ್ದರ ಹೆಸರಿನ ಅರ್ಥನರ ತಿಳೀಲಿ." ಗ್ರಂಥಾಲಯದಲ್ಲಿ ಹುಡುಕಿ ಬಂದು ಹೇಳಿದೆ. ಅದು ಗ್ರೀಕರ ನಾಲ್ಕನೆಯ ಅಕ್ಷರ. ಅಕ್ಷರಗಳನ್ನು ಅವರು ಕಲಿತದ್ದು ಫಿನೀಷಿಯದ ಜನರಿಂದ. ಆ ಜನರಲ್ಲಿ ಅಕ್ಷರದ ಹೆಸರಿಗೆ ಅರ್ಥವೂ ಇತ್ತು. ಆಲ್ಫಾದ ಮೂಲ ಎತ್ತು, ಬೀಟಾದ್ದು ಮನೆ, ಗಾಮಾದ್ದು ಒಂಟೆ ಅನ್ನುತ್ತಾರೆ, ಡೆಲ್ಟಾದ್ದು ದಾಲೆತ್, ಅಂದರೆ ಬಾಗಿಲು. ಗ್ರೀಕರ ಬಾಯಿಗೆ ಬರುವಷ್ಟರಲ್ಲಿ ಅರ್ಥ ಉದುರಿ ಬರೀ ಹೆಸರು ಉಳಿಯಿತು. ಅಜ್ಜಿ ನಕ್ಕಳು. "ಒಂಟಿ ಒಂದ ಬಿಟ್ರ ಅವ್ರೂ ನಮ್ಮಂಥಾ ಮಂದೀನ ಬಿಡು." ಆಮೇಲೆ ಎದ್ದು ಹೋಗಿ ಹೊಸ್ತಿಲ ಬಳಿ ಕೂತಳು.

ಅಂದಿನಿಂದ ಬಾಗಿಲು ಮುಚ್ಚಲು ಬಿಡುತ್ತಿಲ್ಲ. ಅಣೆಕಟ್ಟಿನ ಹಿನ್ನೀರಿಗೆ ಊರು ಮುಳುಗುವಾಗ ಹಳೆಯ ಮನೆಯಿಂದ ಅಪ್ಪ ಚೌಕಟ್ಟು ಸಮೇತ ಕಿತ್ತು ತಂದ ಅದೇ ಸಾಗವಾನಿ ಬಾಗಿಲು. ತೀರಿಕೊಂಡ ಅಪ್ಪನನ್ನು ನಮ್ಮ ಪದ್ಧತಿಯಂತೆ ಮನೆಯಲ್ಲಿ ಕೂರಿಸಿ, ಹೂ ಹಾಕಿ, ಆ ಬಾಗಿಲಿನಿಂದ ಕಳಿಸಿಕೊಡಲಿಲ್ಲವಲ್ಲ, ದವಾಖಾನೆಯಿಂದಲೇ ಹೋಗಿಬಿಟ್ಟ. ಹಾಗಾಗಿ ತಿರುಗಿ ಬರುತ್ತಾನೆಂದೇ ಅವಳು ಕಾಯುತ್ತಿರಬೇಕು. ಹೊಸ್ತಿಲ ಬಳಿ ಕೂತು ಮಳೆಯ ಎರಚಲಿಗೆ ಎದೆ ಕಟ್ಟಿದೆ, ಜ್ವರ ಇಳಿಯುತ್ತಿಲ್ಲ. ಡಾಕ್ಟರು "ಗಾಳಿಗೆ ಕುಂದರಸಬ್ಯಾಡ್ರಿ" ಅಂದರು. ಅವ್ವ ಬೈದಳು, ಅತ್ತಳು. ನನಗಂತೂ ಏನು ಮಾಡಬೇಕೆಂದೇ ತೋಚುತ್ತಿಲ್ಲ.

ಅಪ್ಪನ ಮುಖವನ್ನು ಕೊನೆಗೆ ಕಂಡವನು ನೀನೊಬ್ಬನೇ. ಜ್ವರ ಮೊದಲು ಬಂದದ್ದು ನಿನಗೆ, ನಿನ್ನಿಂದಲೇ ಅಪ್ಪನಿಗೆ ಅಂಟಿತು ಎಂದು ಆಮೇಲೆ ಈ ಮನೆಗೆ ಕಾಲೇ ಇಟ್ಟಿಲ್ಲ ನೀನು. ನಾವು ಯಾರೂ ನಿನ್ನನ್ನು ದೂರಲಿಲ್ಲ ಅಣ್ಣಾ. ಒಮ್ಮೆ ಬಂದು, ಅಪ್ಪ ಇನ್ನು ಬರುವುದಿಲ್ಲವೆಂದು ಅವಳಿಗೆ ಹೇಳು. ನಿನ್ನ ಮಾತನ್ನಾದರೂ ನಂಬಿಯಾಳು.

ಅವ್ವನ ಆಶೀರ್ವಾದ. ನಿನ್ನ ಅಂಗಿಗಳನ್ನು ಈಗಲೂ ಒಗೆದು ಮಡಿಚಿಡುತ್ತಾಳೆ.

ನಿನ್ನ ತಂಗಿ,
ಪದ್ಮಶ್ರೀ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬಾಗಿಲಿಗೆ ಅಗುಳಿ ಹಾಕಲು ಹೋದೆ. ಅಪ್ಪ ಬರುವುದಿಲ್ಲ ಅಜ್ಜಿ ಎಂದೆ. ಅಜ್ಜಿ ಕೈ ಹಿಡಿದಳು. "ಹುಚ್ಚಿ, ಮಣ್ಣಿಗಿ ಹೋದಾಂವ ಬರ್ತಾನೇನ? ಚೇತ್ಯಾ ಬರಾಂವ ಅದಾನ. ಬಂದಾಗ ಬಾಗಲಾ ಹಾಕಿತ್ತಂದ್ರ ಬಡೀಲಾರದ ತಿರುಗಿ ಹೋಗ್ತಾನ. ನಿನ್ನಂಗ ಅಂಜುಬುರುಕ ಅಂವ."