ಮರಳಲ್ಲಿ ಹುರಿದ ಕಡಲೆಕಾಯಿ

೧೪ ನವೆಂಬರ್ ೨೦೨೪, ಗುರುವಾರ

ಸಕಲ ಪರಮಾಣುಗಳ ಅಧಿಪತಿಯೂ ಅದೃಶ್ಯ ಕಿರಣಗಳ ಚಕ್ರವರ್ತಿಯೂ ಆದ ಮಹಾಪ್ರಭುಗಳ ಪಾದಾರವಿಂದಗಳಲ್ಲಿ, ಸಿ.ವಿ. ರಾಮನ್ ನಗರದ ಪಾಮರ ಕಶ್ಯಪನು ಉದ್ದಂಡ ಅಡ್ಡಬಿದ್ದು ಮಾಡುವ ವಿಜ್ಞಾಪನೆ: ನನ್ನ ಅಜ್ಜಿಯನ್ನು ಉಳಿಸಿ.

ಮೇಲಿನ ಮನೆಯ ಮಧುರಾ ಅಕ್ಕ ತನ್ನ ಪಿಎಚ್‌ಡಿಗಾಗಿ ಕರಾವಳಿಯ ಮರಳಿನಲ್ಲಿರುವ ವಿಕಿರಣವನ್ನು ಅಳೆಯುತ್ತಾಳೆ. ಒಣಗಿಸಿ ಜರಡಿ ಹಿಡಿದ ಕಪ್ಪು ಮರಳಿನ ಚೀಲವೊಂದನ್ನು ನಾಳೆ ಲ್ಯಾಬಿಗೆ ತಲುಪಿಸು ಎಂದು ನನ್ನ ಕೈಗೆ ಕೊಟ್ಟಿದ್ದಳು. ನಾನು ಅದರ ಮೇಲೆ ತಲೆಬುರುಡೆ ಬಿಡಿಸಿ ‘ಮುಟ್ಟಿದವರು ಮಟಾಷ್’ ಎಂದು ಬರೆದಿಟ್ಟೆ.

ಸಂಜೆ ಅಜ್ಜಿ ಅದೇ ಮರಳನ್ನು ಬಾಣಲೆಗೆ ಸುರಿದು, ರಸೆಲ್ ಮಾರ್ಕೆಟ್ಟಿನಿಂದ ತಂದ ಹಸಿ ಕಡಲೆಕಾಯಿ ಹುರಿದಿದ್ದಾಳೆ. ಬಟ್ಟಲು ಖಾಲಿಯಾದ ಮೇಲೆ ನನಗೆ ಬಾಣಲೆ ಕಂಡಿತು.

“ಅಜ್ಜಿ, ಬುರುಡೆ ಚಿತ್ರ ಕಾಣ್ಲಿಲ್ವಾ?”

“ಕಾಣ್ತು ಕಣೋ. ಹೋದ ವಾರ ಉಪ್ಪಿನಕಾಯಿ ಜಾಡಿ ಮೇಲೂ ಅದೇ ಬರ್ದಿದ್ಯಲ್ಲ!”

ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕ, ಆ ಮರಳಲ್ಲಿ ಹುರಿದಿದ್ದು ತಿಂದ್ರೆ ಏನಾಗುತ್ತೆ?”

“ಇದು ಈ ವಾರದ ಜೋಕಾ? ಇಡೋ ಫೋನು.”

ಅವಳೇ ಇಟ್ಟುಬಿಟ್ಟಳು.

ಕಡಲ ದಂಡೆಯ ಮಕ್ಕಳು ಆ ಮರಳಲ್ಲೇ ಹೊರಳಾಡುತ್ತಾರೆ, ಏನೂ ಆಗುವುದಿಲ್ಲ ಎಂದು ಅಕ್ಕನೇ ಹಿಂದೆ ಹೇಳಿದ್ದಳು. ಆದರೆ ಹೊರಳಾಡುವುದು ಬೇರೆ, ನುಂಗುವುದು ಬೇರೆ. ಅಜ್ಜಿ ಕೆಮ್ಮಿದಾಗಲೆಲ್ಲ ಎದ್ದು ಹೋಗಿ ನೋಡುತ್ತಿದ್ದೇನೆ. ಕತ್ತಲಲ್ಲಿ ಅವಳ ಮುಖ ಹೊಳೆಯುತ್ತಿಲ್ಲ. ಆದರೂ ವಾಪಸ್ ಬರುವಾಗಲೆಲ್ಲ ಕನ್ನಡಿಯಲ್ಲಿ ನನ್ನ ಮುಖವನ್ನೂ ನೋಡಿಕೊಳ್ಳುತ್ತಿದ್ದೇನೆ.

ಇನ್ನು ಮುಚ್ಚಿಟ್ಟು ಫಲವಿಲ್ಲ. ಅಜ್ಜಿಗೆ ಒಂದೂ ಹಲ್ಲಿಲ್ಲ. ಆ ಕಡಲೆಕಾಯಿಯನ್ನೆಲ್ಲ ತಿಂದವನು ನಾನೊಬ್ಬನೇ.