ಮುಂಗೋಪಿಯ ಗಡಿಯಾರ

ಮಾರ್ಚ್ 3, ಸೋಮವಾರ

ಏಳನೇ ರೂಟಿನ ಡ್ರೈವರ್ ಮತ್ತೆ ಕೈಕೊಟ್ಟ. ಹೊಟ್ಟೆನೋವಂತೆ. ಸೋಮವಾರ ತಪ್ಪದೆ ಬರುವ ಹೊಟ್ಟೆನೋವು. ಡ್ಯೂಟಿ ಚಾರ್ಟ್ ಪೂರ್ತಿ ಅಳಿಸಿ ಬರೆದೆ. ಡಿಪೋದಿಂದ ಬಸ್ಸು ತಡವಾಗಿ ಹೊರಟರೆ ಬೈಗುಳ ಡ್ರೈವರಿಗಲ್ಲ, ಚಾರ್ಟ್ ಬರೆಯುವ ನನಗೆ.

ಮಧ್ಯಾಹ್ನ ಆ ಮೇಲ್ ಬಂತು. ಹೊರದೇಶದ ಮಕ್ಕಳ ಮನೆಯಿಂದ! ಅಲ್ಲಿ ನೆಲೆಸಿದ ನಮ್ಮ ಕಡೆಯವರು ನಡೆಸುವುದು, ಮಾತೂ ಕನ್ನಡವೇ. ಆರು ವರ್ಷದ ಹುಡುಗಿ. ದತ್ತು ಕೊಡುವ ಮುಂಚೆ ಮೂರು ವಿಡಿಯೋ ಭೇಟಿ. ಕೊನೆಯದರಲ್ಲಿ ಮಗುವನ್ನೇ ಕೇಳುತ್ತಾರಂತೆ, ಇವರ ಜೊತೆ ಹೋಗುತ್ತೀಯಾ ಎಂದು. ಬೇಡ ಎಂದರೆ ಮುಗಿಯಿತು. ನಾವು ಎರಡು ಸಲ ಗೈರಾದರೂ ಅಷ್ಟೇ, ಫೈಲು ಬೇರೆ ದಂಪತಿಗೆ.

ಫೋಟೋ ಕಳಿಸಿದ್ದಾರೆ. ಹುಬ್ಬು ಗಂಟು. ಕ್ಯಾಮೆರಾದವನನ್ನು ನುಂಗಿಬಿಡುವ ನೋಟ. ಅತ್ತೆ ನೋಡಿದವರೇ, "ಅಯ್ಯೋ, ಮುಂಗೋಪಿ! ಮನೇಲಿ ಒಬ್ಳು ಇದ್ದಾಳೆ, ಜೊತೆಗೆ ಇನ್ನೊಬ್ಳು" ಅಂದರು. ಅಂದು ಕಣ್ಣು ಒರೆಸಿಕೊಂಡರು.

ಶನಿವಾರ ಸಂಜೆ ನಾಲ್ಕಕ್ಕೆ, ಅಲ್ಲಿಯ ಟೈಮು. ಆ ದೇಶ ನಮಗಿಂತ ಎರಡೂವರೆ ಗಂಟೆ ಮುಂದೆ. ಅಂದರೆ ನಮಗೆ ಒಂದೂವರೆ. ಬೆರಳು ಮಡಚಿದಷ್ಟೇ ಹೊತ್ತು. ನಾನು ಯಾರು? ಡಿಪೋದ ಅಷ್ಟೂ ಬಸ್ಸು ಹೊರಡಿಸುವವಳು.

ಮಾರ್ಚ್ 8, ಶನಿವಾರ

ಬರೆಯಲು ಕೈ ಬರುತ್ತಿಲ್ಲ.

ಒಂದು ಗಂಟೆಗೇ ಮೂವರೂ ಕೂತಿದ್ದೆವು. ಅತ್ತೆ ಇಸ್ತ್ರಿ ಮಾಡಿದ ಸೀರೆ. ಕನ್ನಡಕದವನು (ಗಂಡ. ಕನ್ನಡಕದ ಅಂಗಡಿ ಇಟ್ಟಿದ್ದಾನೆ, ಮದುವೆಗೆ ಮುಂಚಿನಿಂದ ಹೀಗೇ ಕರೆಯುತ್ತೇನೆ) ಮೂರು ಸಲ ತಲೆ ಬಾಚಿದ. ಒಂದೂವರೆಗೆ ಸರಿಯಾಗಿ ಕಾಲ್ ಮಾಡಿದೆ. ಪರದೆಯ ಮೇಲೆ ವಾರ್ಡನ್ ಒಬ್ಬರೇ. ಪಕ್ಕದಲ್ಲಿ ಖಾಲಿ ಕುರ್ಚಿ.

"ಕಾದು ಕಾದು ಈಗ ತಾನೇ ಇಳಿದು ಹೋದ್ಳು" ಅಂದರು.

"ಒಂದೂವರೆ ಅಲ್ವಾ ಮೇಡಂ? ಎರಡೂವರೆ ಗಂಟೆ ವ್ಯತ್ಯಾಸ…"

"ಅದು ರಾಜಧಾನಿ ಟೈಮು. ನಮ್ಮ ಪ್ರಾಂತ್ಯದ್ದು ಬೇರೆ. ಇನ್ನೂ ಮುಕ್ಕಾಲು ಗಂಟೆ ಮುಂದೆ. ನಿಮ್ಗೆ ಗೊತ್ತಿರತ್ತೆ ಅಂದ್ಕೊಂಡೆ."

ಇಡೀ ದೇಶಕ್ಕೆ ಒಂದೇ ಗಡಿಯಾರ ಎಂದು ನಂಬಿದವಳು ನಾನು.

"ಏನಾದ್ರೂ ಕೇಳಿದ್ಳಾ?" ಕನ್ನಡಕದವನ ದನಿ ಸಣ್ಣಗಾಗಿತ್ತು.

"ಏನೂ ಕೇಳ್ಲಿಲ್ಲ" ಅಂದರು ವಾರ್ಡನ್. "ಅದೇ ಕಷ್ಟ ನೋಡಿ. ಗೈರು ಅಂತ ಬರೀಲೇಬೇಕು, ಕ್ಷಮಿಸಿ. ನೀವು ಬರೋ ಮುಂಚೆ ಮಗು ಕುರ್ಚಿ ಬಿಟ್ಟು ಎದ್ರೆ ಭೇಟಿ ಆಗ್ಲಿಲ್ಲ ಅಂತ್ಲೇ ಲೆಕ್ಕ. ಇನ್ನೊಂದು ದಿನ ಕೊಡ್ತೀನಿ."

ಅತ್ತೆ ಎದ್ದು ಹೋಗಿ ಸೀರೆ ಬದಲಾಯಿಸಿ ಮಡಚಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 9, ಭಾನುವಾರ

ಮುಕ್ಕಾಲು ಗಂಟೆ ಯಾಕೆ? ಅರ್ಧ ಅಲ್ಲ, ಒಂದಲ್ಲ… ಇಡೀ ಬೆಳಿಗ್ಗೆ ಇದೇ ಹುಡುಕಿದೆ. ಆ ಪ್ರಾಂತ್ಯ ದೇಶದ ಪೂರ್ವದ ಕೊಟ್ಟಕೊನೆ. ಸೂರ್ಯ ಅಲ್ಲಿ ಬೇಗ ಬಂದು ಬೇಗ ಹೋಗುತ್ತಾನೆ. ರಾಜಧಾನಿಯ ಗಡಿಯಾರ ನಂಬಿದರೆ ಮಕ್ಕಳು ಶಾಲೆ ಬಿಟ್ಟು ಬರುವಷ್ಟರಲ್ಲಿ ಕತ್ತಲು. ಹಿಂದೆ ಯಾವಾಗಲೋ ಊರವರೆಲ್ಲ ಸೇರಿ ಮುಳ್ಳು ಮುಂದಕ್ಕೆ ತಿರುಗಿಸಿಬಿಟ್ಟರಂತೆ. ಬಸ್ ನಿಲ್ದಾಣದಲ್ಲಿ ಎರಡೆರಡು ವೇಳಾಪಟ್ಟಿ! ಅಲ್ಲಿಯ ಚಾರ್ಟ್ ಬರೆಯುವವರಿಗೆ ಕೈ ಮುಗಿದೆ.

ಮಕ್ಕಳು ಬೆಳಕಲ್ಲಿ ಆಡಲಿ ಎಂದು ಗಡಿಯಾರ ತಿದ್ದಿದ ಊರು. ಕೋಪ ಇಳಿಯಿತು. ಊರಿನ ಮೇಲಿನದು. ನನ್ನ ಮೇಲಿನದು ಇನ್ನೂ ಇದೆ.

ಹೊಸ ಗಡಿಯಾರ ತಂದೆವು. ಹಳದಿಯದು. ಅಡುಗೆಮನೆಯಲ್ಲಿ ಅತ್ತೆಯ ಗಡಿಯಾರದ ಪಕ್ಕ ನೇತುಹಾಕಿ, ಮೂರೂಕಾಲು ಗಂಟೆ ಮುಂದೆ ಇಟ್ಟೆ. ಇನ್ನು ಲೆಕ್ಕ ಹಾಕುವ ಗೋಜೇ ಇಲ್ಲ, ಕತ್ತು ಎತ್ತಿದರೆ ಮುಂಗೋಪಿಯ ಹೊತ್ತು ಗೊತ್ತಾಗುತ್ತದೆ.

ರಾತ್ರಿ ನೋಡಿದರೆ ಹಳದಿಯದು ಹತ್ತು ನಿಮಿಷ ಮುಂದೆ ಓಡಿದೆ. ಅತ್ತೆಯ ಕೈಚಳಕ. ಅವರದು ಮೊದಲಿಂದಲೂ ಹತ್ತು ನಿಮಿಷ ಮುಂದೆ, ಯಾರಿಗೂ ತಡವಾಗಬಾರದೆಂದು.

"ಅವ್ಳಿಗೂ ನಮ್ಮನೆ ಅಭ್ಯಾಸ ಆಗ್ಲಿ ಬಿಡು" ಅಂದರು.

ಮಾರ್ಚ್ 15, ಶನಿವಾರ

ಬಂದಳು. ಬಂದವಳು ಸೀದಾ ಮೇಜಿನ ಕೆಳಗೆ. ನಮಗೆ ಕಂಡದ್ದು ಒಂದು ಚಪ್ಪಲಿ ಮಾತ್ರ, ಪಟ್ಟಿ ಬಿಚ್ಚಿಕೊಂಡದ್ದು.

ನಾನು ಏನೇನೋ ಹೇಳಿದೆ. ಗಡಿಯಾರ, ಪ್ರಾಂತ್ಯ, ಸೂರ್ಯ. ಚಪ್ಪಲಿ ಅಲುಗಲಿಲ್ಲ. ಆಮೇಲೆ ಮೇಜಿನ ಕೆಳಗಿಂದ ಮಾತು ಬಂತು.

"ಅವತ್ತು ನಾನು ಬಂದಿದ್ದೆ."

ಅಷ್ಟೇ. "ಹೌದು ಪುಟ್ಟಾ, ನೀನು ಬಂದಿದ್ದೆ. ನಾವು ಬರ್ಲಿಲ್ಲ. ತಪ್ಪು ನಮ್ದು" ಅಂದೆ. ಅತ್ತೆಯ ಮುಂದೆ, ವಾರ್ಡನ್ ಮುಂದೆ, ಮೂಗು ಸೋರಿಸಿಕೊಂಡು ಅತ್ತುಬಿಟ್ಟೆ.

ಕನ್ನಡಕದವನು ಅಂಗಡಿಯಿಂದ ಒಂದು ಚೀಲ ಫ್ರೇಮು ತಂದಿದ್ದ. ಒಂದರ ಮೇಲೊಂದು ಐದು ಹಾಕಿಕೊಂಡು, "ಎಲ್ಲಿ, ನನಗೆ ಯಾರೂ ಕಾಣ್ತಿಲ್ವಲ್ಲ" ಅಂದ. ಮೇಜಿನ ಅಂಚಿನ ಮೇಲೆ ಎರಡು ಕಣ್ಣು ಬಂದವು. ನಗಲಿಲ್ಲ. "ಕಪ್ಪುದು ಚೆನ್ನಾಗಿಲ್ಲ" ಅಂದಳು.

ಈ ಮನುಷ್ಯನನ್ನು ಮದುವೆಯಾದದ್ದಕ್ಕೆ ಇವತ್ತು ಇನ್ನೊಂದು ಸಲ ಖುಷಿಯಾಯಿತು. ಅವನಿಗೆ ಹೇಳಿಲ್ಲ, ಜಂಬ ಬರುತ್ತದೆ.

ಮಾರ್ಚ್ 22, ಶನಿವಾರ

ಇವತ್ತು ಕುರ್ಚಿಯ ಮೇಲೇ ಕೂತಳು. ಅವಳಿಗೆ ಗಡಿಯಾರ ನೋಡಲು ಬರುವುದಿಲ್ಲ. ನಮ್ಮ ಭೇಟಿ ಅವಳ ಲೆಕ್ಕದಲ್ಲಿ "ಹಾಲಾದ್ಮೇಲೆ".

"ನಿಮಗೂ ಹಾಲಾಯ್ತಾ?"

"ಇಲ್ಲಮ್ಮ, ನಮಗೆ ಇನ್ನೂ ಊಟಾನೇ ಆಗಿಲ್ಲ" ಅಂದರು ಅತ್ತೆ. "ಇಲ್ಲಿ ಈಗ ಮಧ್ಯಾಹ್ನ."

ಬೆರಳು ಮಡಚಿ ಏನೋ ಎಣಿಸಿದಳು. "ನೀವು ಹಿಂದೆ ಇದ್ದೀರಾ?"

"ಹೂಂ. ಸ್ವಲ್ಪ ಹಿಂದೆ."

"ಬೇಗ ಬನ್ನಿ" ಅಂದಳು, ಮಗುವನ್ನು ಬಾ ಎಂದು ಕರೆಯುವ ಹಾಗೆ.

ಮೂವರೂ ಸಂಜೆಯವರೆಗೆ ಇದನ್ನೇ ಹೇಳಿಕೊಂಡು ನಕ್ಕೆವು.

ಏಪ್ರಿಲ್ 5, ಶನಿವಾರ

ಕಳೆದ ವಾರ ವಾರ್ಡನ್‌ಗೆ ಜ್ವರ, ಈ ವಾರ ಅಲ್ಲಿ ರಜೆ. ಕೊನೆಯ ಭೇಟಿ ಹನ್ನೆರಡನೇ ತಾರೀಖಿಗೆ.

ಈ ಮಧ್ಯೆ ಇನ್ನೊಂದು ತಿರುವು. ನಾಳೆ ಆ ದೇಶದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಇನ್ನು ಬರುವ ಚಳಿಗಾಲದ ಲೆಕ್ಕಕ್ಕೆ (ಅಲ್ಲಿ ಋತು ನಮಗೆ ಉಲ್ಟಾ). ಪ್ರಾಂತ್ಯವೂ ತಿರುಗಿಸುತ್ತದೋ ಇಲ್ಲವೋ? ಈ ಸಲ ನಾನು ಮೋಸ ಹೋಗುವವಳಲ್ಲ. ಅಲ್ಲಿಯ ಬಸ್ ನಿಲ್ದಾಣಕ್ಕೇ ಫೋನ್ ಮಾಡಿ ಕೇಳಿದೆ. ತಿರುಗಿಸುತ್ತಾರೆ. ಅಲ್ಲಿಗೆ ಮೂರೂಕಾಲು ಹೋಗಿ ಎರಡೂಕಾಲು. ಅವಳ ನಾಲ್ಕು ಗಂಟೆ ಇನ್ನು ನಮಗೆ ಹನ್ನೆರಡೂ ಮುಕ್ಕಾಲಲ್ಲ, ಒಂದೂ ಮುಕ್ಕಾಲು. ಹಳದಿ ಗಡಿಯಾರ ತಿದ್ದಿದೆ. ಡಿಪೋದಲ್ಲಿ ನನ್ನ ಊಟದ ವಿರಾಮ ಬದಲಾಯಿಸಿಕೊಂಡೆ. ಬಂದೋಬಸ್ತು ಪಕ್ಕಾ.

ಏಪ್ರಿಲ್ 12, ಶನಿವಾರ

ಬರೆದೇ ಮಲಗುತ್ತೇನೆ.

ಡಿಪೋದಿಂದ ಓಡಿ ಬಂದೆ. ಒಂದೂ ಮುಕ್ಕಾಲಿಗೆ ಕಾಲ್ ಮಾಡಿದೆವು. ವಾರ್ಡನ್ ಮುಖ ಬಿಳಚಿಕೊಂಡಿತ್ತು.

"ಎಲ್ಲಿ ಹೋಗಿದ್ರಿ? ಒಂದು ಗಂಟೆ ಹೊತ್ತಿಂದ ಕೂತಿದೀವಿ! ಫೋನೂ ಸಿಗ್ಲಿಲ್ಲ!"

"ನಾಲ್ಕು ಗಂಟೆಗಲ್ವಾ ಮೇಡಂ? ನಿಮ್ಮ ಹೊಸ ನಾಲ್ಕು?"

"ನಿಮ್ಗೆ ಮತ್ತೆ ಗೊಂದಲ ಆಗ್ಬಾರ್ದು ಅಂತ ನಾನೇ ನಿಮ್ಮ ಹನ್ನೆರಡೂ ಮುಕ್ಕಾಲಿಗೆ ಸರಿಯಾಗಿ, ಇಲ್ಲಿ ಮೂರಕ್ಕೇ ಕೂರಿಸಿದ್ನಲ್ಲ!"

ಅವರು ನಮಗಾಗಿ ಸರಿದಿದ್ದರು. ನಾವು ಅವರಿಗಾಗಿ. ಒಬ್ಬರನ್ನೊಬ್ಬರು ಕೇಳಲೇ ಇಲ್ಲ. ಎರಡನೇ ಗೈರು ಎಂದುಕೊಂಡೆ. ಕನ್ನಡಕದವನು ನನ್ನ ಮೊಣಕೈ ಹಿಡಿದುಕೊಂಡ.

ಆಗ ವಾರ್ಡನ್ ಕ್ಯಾಮೆರಾ ತಿರುಗಿಸಿದರು.

ಮುಂಗೋಪಿ ಕುರ್ಚಿಯ ಮೇಲೇ ಇದ್ದಳು. ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದು, ಹುಬ್ಬು ಗಂಟಿಕ್ಕಿ. ಫೋಟೋದಲ್ಲಿದ್ದ ಅದೇ ಮುಖ.

"ಏಳು ಅಂದೆ, ಆಟಕ್ಕೆ ಹೋಗು ಅಂದೆ, ಕೇಳ್ಲಿಲ್ಲ" ಅಂದರು ವಾರ್ಡನ್. "ಅವ್ರು ಹಿಂದೆ ಇದ್ದಾರೆ, ಬರ್ತಾರೆ ಅಂತ ನನಗೇ ಪಾಠ ಹೇಳಿದ್ಳು. ಬಾತ್‌ರೂಮಿಗೂ ಏಳ್ಲಿಲ್ಲ."

ಕುರ್ಚಿ ಬಿಟ್ಟಿಲ್ಲ. ಹಾಗಾಗಿ ಗೈರಲ್ಲ, ತಡ. ವಾರ್ಡನ್ ಅದನ್ನು ಜೋರಾಗಿ ಹೇಳಿಕೊಂಡೇ ಬರೆದರು.

ಆಮೇಲೆ ಆ ಪ್ರಶ್ನೆ. ಹೋಗುತ್ತೀಯಾ ಇವರ ಜೊತೆ? ಅವಳು ಅತ್ತೆಯ ಕಡೆ ನೋಡಿದಳು.

"ಅಲ್ಲಿ ಹಾಲು ಎಷ್ಟೊತ್ತಿಗೆ?"

"ನೀನು ಕೇಳ್ದಾಗ" ಅಂದರು ಅತ್ತೆ.

"ಹಂಗಾದ್ರೆ ಹೂಂ" ಅಂದಳು. ಅಂದು ಬಾತ್‌ರೂಮಿಗೆ ಓಡಿದಳು.

ಜೂನ್ 2, ಸೋಮವಾರ

ಮಕ್ಕಳ ಮನೆ. ಹೊರಗಿನ ಕೋಣೆ, ಹಸಿರು ಬಣ್ಣದ ಬೆಂಚು. ಕಾಗದ ಪತ್ರ ಎಲ್ಲ ಮುಗಿಯಿತು. ಹಾಲಾದ ಮೇಲೆ ಕರೆತರುತ್ತಾರಂತೆ. ಇನ್ನೂ ಒಂದು ಗಂಟೆ ಇದೆ. ನಾನೇ ಬೇಗ ಹೊರಡಿಸಿಕೊಂಡು ಬಂದೆ. ಅವಳು ನಮಗಾಗಿ ಕಾದಷ್ಟು ನಾವೂ ಕಾಯಬೇಕು ಅನ್ನಿಸಿತು.

ವಿಮಾನದಿಂದ ಇಳಿದ ತಕ್ಷಣ ವಾಚು ಇಲ್ಲಿಯ ಟೈಮಿಗೆ ಇಟ್ಟುಕೊಂಡೆವು. ಅತ್ತೆಯದು ಇಲ್ಲೂ ಹತ್ತು ನಿಮಿಷ ಮುಂದೆ. ಕನ್ನಡಕದವನ ಜೇಬಿನಲ್ಲಿ ಪುಟ್ಟ ಫ್ರೇಮು, ಗಾಜಿಲ್ಲದ್ದು, ಕಪ್ಪಲ್ಲದ್ದು. ಎರಡು ನಿಮಿಷಕ್ಕೊಮ್ಮೆ ತೆಗೆದು ಒರೆಸುತ್ತಾನೆ. ನನಗೆ ಬಾಯಾರಿಕೆ. ನೀರು ಕುಡಿಯಲು ಎದ್ದು ಹೋದರೆ ಅಷ್ಟರಲ್ಲಿ ಬಂದುಬಿಟ್ಟರೆ? ಏಳುವುದಿಲ್ಲ.

ಹಾಲಿನ ಲೋಟಗಳ ಸದ್ದು ಕೇಳುತ್ತಿದೆ. ಇಷ್ಟು ಬೇಗ? ಅತ್ತೆ ವಾಚು ನೋಡಿ ನಗುತ್ತಿದ್ದಾರೆ. ಒಳಗೆ ವಾರ್ಡನ್ ದನಿ, "ಪೂರ್ತಿ ಕುಡಿದು ಹೋಗು, ಅವ್ರು ಎಲ್ಲೂ ಓಡಿಹೋಗಲ್ಲ…" ಚಪ್ಪಲಿ ಸದ್ದು. ಒಂದರ ಪಟ್ಟಿ ಇನ್ನೂ ಹಾಕಿಸಿಲ್ಲ, ಪಟಪಟ ಬಡಿಯುತ್ತ… ಬಂದೇಬಿಟ್ಟಳು.