ಬಾಲದ ‘ಯೋ’

ಕೊಟ್ರೇಶ ಸರ್,

ನಮಸ್ಕಾರರಿ. ಈ ‘ರಿ’ಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಶಿಗ್ಗಾಂವಿಯ ನಿಮ್ಮ ಕೊರಿಯನ್ ಕ್ಲಾಸಿಗೆ ಬರುತ್ತಿದ್ದ ನನ್ನ ತಂಗಿ ಮಂಜುಳಾ, ನಿನ್ನೆ ಕೊರಿಯಾದ ಕಂಪನಿಯೊಂದರ ಸಂದರ್ಶನದಲ್ಲಿ ವಯಸ್ಸಾದ ಅಧಿಕಾರಿಗೆ ನೀವು ಕಲಿಸಿದಂತೆಯೇ ‘ಅನ್ಯೋಂಗ್’ ಎಂದಳು. ಅವರ ಮುಖ ಗಂಟಾಯಿತು. ಅದು ಗೆಳೆಯರಿಗೆ ಹೇಳುವ ಮಾತು. ಹಿರಿಯರಿಗೆ ‘ಅನ್ಯೋಂಗ್ ಹಸೇಯೋ’ ಎನ್ನಬೇಕು. ನಮ್ಮ ಹುಡುಗಿ ಅವರಿಗೆ ‘ಏನಲೇ’ ಅಂದಂತಾಯಿತು. ‘ಆ ಯೋ ಬರೀ ಬಾಲ ಐತಿ, ಬಿಟ್ರೂ ನಡೀತೈತಿ’ ಎಂದವರು ನೀವೇ.

ನನಗೇನೂ ಆಶ್ಚರ್ಯವಾಗಲಿಲ್ಲ. ಕೊರಿಯನ್ನರ ‘ಯೋ’ ಅಂದರೆ ನಮ್ಮ ‘ರಿ’. ಮಗಳನ್ನು ನಿಮ್ಮ ಕ್ಲಾಸಿಗೆ ಸೇರಿಸಲು ಬಂದ ನಮ್ಮವ್ವನಿಗೆ, ನಿಮ್ಮ ತಾಯಿಯ ವಯಸ್ಸಿನವಳಿಗೆ, ‘ಏ ದುರಗವ್ವ, ಅಲ್ಲೇ ಹೊರಗ ನಿಂದ್ರು’ ಎಂದಿರಿ. ನಮ್ಮ ಕೇರಿಯವರಿಗೆ ‘ರಿ’ ಹಚ್ಚಿ ರೂಢಿಯಿಲ್ಲದ ನಾಲಿಗೆಗೆ ‘ಯೋ’ ಎಲ್ಲಿಂದ ಬರಬೇಕು?

ಮಂಜುಳಾ ಕ್ಷಮೆ ಕೇಳಿದ್ದಕ್ಕೆ ಸೋಮವಾರ ಇನ್ನೊಮ್ಮೆ ಕರೆದಿದ್ದಾರೆ. ಈಗ ಕಿರುಹೊತ್ತಿಗೆಯೊಂದನ್ನು ಹಿಡಿದು ನಾನೇ ಕಲಿಸುತ್ತಿದ್ದೇನೆ. ಮೊದಲು ಅವರ ಅಕ್ಷರ, ಆಮೇಲೆ ಮರ್ಯಾದೆ, ಆಮೇಲೆ ವಾಕ್ಯ. ಕ್ರಿಯಾಪದ ಅವರಲ್ಲೂ ನಮ್ಮ ಹಾಗೆಯೇ ಕೊನೆಗೆ ಬರುತ್ತದೆ. ಅಷ್ಟು ಸಲೀಸಾದದ್ದನ್ನು ನೀವು ಕನ್ನಡದಲ್ಲಿ ಹೇಳದೆ ಇಂಗ್ಲಿಷಿನ ಮುಳ್ಳುಬೇಲಿ ದಾಟಿಸಿ ಎಳೆದು ತಂದಿರಿ.

ಸಂದರ್ಶನಕ್ಕೆ ಅವಳ ಅಂಕಪಟ್ಟಿ ಬೇಕು, ಕ್ಲಾಸಿಗೆ ಸೇರುವಾಗ ಇಸಿದುಕೊಂಡದ್ದು ಇನ್ನೂ ನಿಮ್ಮ ಬಳಿಯೇ ಇದೆ. ಒಯ್ಯಲು ನಾಳೆ ಅವ್ವ ಬರುತ್ತಾಳೆ. ‘ಬರ್ರಿ, ಒಳಗ ಕುಂದರ್ರಿ’ ಎಂದು ಕೊಡಿ. ಹೊಸದಾಗಿ ಕಲಿಯುವವರಿಗೆ ಇದೇ ಮೊದಲ ಪಾಠ.

ಇಂತಿ,
ದುರಗವ್ವನವರ ಹಿರಿಮಗಳು
ಸಮತಾ, ದುಂಡಸಿ